ಒಬ್ಬರೇ ಕುಳಿತು ಇಡೀ ವೆಬ್ ಆ್ಯಪ್ ಕಟ್ಟಲು ಹೋನೋ ಸಾಕೇ?

ಪ್ರಶ್ನೆ: ನಮ್ಮೂರಿನ ಯುವಕ ಸಂಘ ನಡೆಸುವ ಗ್ರಂಥಾಲಯದಲ್ಲಿ ಸುಮಾರು 3,000 ಪುಸ್ತಕಗಳಿವೆ, 400 ಸದಸ್ಯರಿದ್ದಾರೆ. ಎರವಲಿನ ಲೆಕ್ಕ ಇಂದಿಗೂ ಉದ್ದನೆಯ ರಿಜಿಸ್ಟರಿನಲ್ಲಿದೆ. ಅದನ್ನು ವೆಬ್ ಆ್ಯಪ್ ಮಾಡಲು ಹೊರಟು ರಿಯಾಕ್ಟ್‌ನಲ್ಲಿ ಮುಂಭಾಗವನ್ನೂ (ಬ್ರೌಸರ್‌ನಲ್ಲಿ ಕಾಣುವುದು) ಎಕ್ಸ್‌ಪ್ರೆಸ್‌ನಲ್ಲಿ ಹಿಂಭಾಗವನ್ನೂ (ಸರ್ವರ್‌ನಲ್ಲಿ ಓಡುವುದು) ಬರೆದೆ. ಸರ್ವರ್‌ನಲ್ಲಿ ಒಂದು ಹೆಸರು ಬದಲಿಸಿದರೆ ಪರದೆಯ ಮೇಲೆ ಇನ್ನೆಲ್ಲೋ ಖಾಲಿ ಜಾಗ ಕಾಣಿಸುತ್ತದೆ. ಕೆಲಸ ಮುಗಿಸಿ ಬಂದ ಮೇಲೆ ರಾತ್ರಿ ನನಗೆ ಸಿಗುವುದು ಒಂದೆರಡು ಗಂಟೆ. ಟೈಪ್‌ಸ್ಕ್ರಿಪ್ಟ್‌ನ (ಮಾಹಿತಿಯ ಬಗೆಯನ್ನು ಬರೆಯುವಾಗಲೇ ಪರೀಕ್ಷಿಸುವ ಜಾವಾಸ್ಕ್ರಿಪ್ಟ್) ಹೋನೋ ಎಂಬ ಹಗುರವಾದ ಫ್ರೇಮ್‌ವರ್ಕ್ ಬಗ್ಗೆ ಕೇಳಿದ್ದೇನೆ. ಒಬ್ಬನೇ ಇಡೀ ಆ್ಯಪನ್ನು ಅದರಲ್ಲಿ ಕಟ್ಟಬಹುದೇ? ಎಲ್ಲಿ ಎಡವುತ್ತೇನೆ?

ಉತ್ತರ: ಕಟ್ಟಬಹುದು. ನೀವು ಹೇಳಿದ ಗಾತ್ರದ ಕೆಲಸಕ್ಕೆ ನಾನಾದರೂ ಹೋನೋವನ್ನೇ ಆರಿಸುತ್ತಿದ್ದೆ. ಆದರೆ ಫ್ರೇಮ್‌ವರ್ಕ್ ಬದಲಿಸುವ ಮೊದಲು ನಿಮ್ಮ ಈಗಿನ ಕಷ್ಟದ ಬೇರು ಎಲ್ಲಿದೆ ಎಂದು ನೋಡಿ. ಎಕ್ಸ್‌ಪ್ರೆಸ್ ಆಗಲಿ ರಿಯಾಕ್ಟ್ ಆಗಲಿ ತಪ್ಪು ಮಾಡಿಲ್ಲ. ಸರ್ವರ್ ಕಳಿಸುವ ಮಾಹಿತಿಯ ಆಕಾರ ಒಂದು ಕಡೆ ಬರೆದಿದೆ, ಬ್ರೌಸರ್ ನಿರೀಕ್ಷಿಸುವ ಆಕಾರ ಇನ್ನೊಂದು ಕಡೆ ಬರೆದಿದೆ. ಇವೆರಡಕ್ಕೂ ನಂಟಿರುವುದು ನಿಮ್ಮ ನೆನಪಿನಲ್ಲಿ ಮಾತ್ರ. ದಿನವಿಡೀ ದುಡಿದು ಬಂದವರ ನೆನಪು ರಾತ್ರಿ ಹತ್ತು ಗಂಟೆಗೆ ಕೈಕೊಡುವುದು ಸಹಜ. ಆಗ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುತ್ತದೆ. ಆ ನಂಟನ್ನು ತಲೆಯಿಂದ ತೆಗೆದು ಕೋಡಿನಲ್ಲಿ, ಅದೂ ಒಂದೇ ಜಾಗದಲ್ಲಿ ಇಡುವುದು ನಿಮ್ಮ ನಿಜವಾದ ಕೆಲಸ. ಹೋನೋ ಅದಕ್ಕೆ ಒಳ್ಳೆಯ ಸಾಧನ. ಉಳಿದ ಎಷ್ಟೋ ತೀರ್ಮಾನಗಳನ್ನು ಅದು ನಿಮಗೇ ಬಿಡುತ್ತದೆ. ಹಗುರ ಎಂಬ ಮಾತಿನ ಪೂರ್ತಿ ಅರ್ಥ ಅದೇ. ಈ ಉತ್ತರದ ಬಹುಪಾಲು ಆ ತೀರ್ಮಾನಗಳ ಬಗ್ಗೆಯೇ ಇದೆ.

ಹೋನೋವನ್ನು 2021ರ ಡಿಸೆಂಬರಿನಲ್ಲಿ ಜಪಾನಿನ ಯೂಸುಕೆ ವಾಡಾ ಬರೆಯತೊಡಗಿದರು. ಕ್ಲೌಡ್‌ಫ್ಲೇರ್ ಕಂಪನಿ ತನ್ನ ಸರ್ವರ್‌ಗಳಲ್ಲಿ ಇತರರ ಕೋಡ್ ಓಡಿಸಿಕೊಡುವ ‘ವರ್ಕರ್ಸ್’ ಸೇವೆಯ ಮೇಲೆ ಓಡುವ ಆ್ಯಪ್‌ಗಳಿಗೆಂದು ಶುರುವಾದದ್ದು ಅದು. ಜಪಾನಿ ಭಾಷೆಯಲ್ಲಿ ಹೋನೋ ಎಂದರೆ ಜ್ವಾಲೆ. ಅದರ ಅತಿ ಚಿಕ್ಕ ರೂಪ 15 ಕಿಲೋಬೈಟಿಗಿಂತ ಕಡಿಮೆ, ಹೊರಗಿನ ಬೇರೆ ಯಾವ ಪ್ಯಾಕೇಜನ್ನೂ ನೆಚ್ಚಿಕೊಂಡಿಲ್ಲ. ಗಾತ್ರಕ್ಕಿಂತ ನನಗೆ ಹೆಚ್ಚು ಹಿಡಿಸಿದ್ದು ಅದರ ತಳಹದಿ. ಎಕ್ಸ್‌ಪ್ರೆಸ್ ಬಂದದ್ದು 2010ರಲ್ಲಿ, ಸರ್ವರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ಗೆ ಆಗಿನ್ನೂ ಒಂದು ವರ್ಷ. ಹಾಗಾಗಿ ಅದು ನೋಡ್‌ನ ಸ್ವಂತ ವಿನಂತಿ ಮತ್ತು ಉತ್ತರದ ವಸ್ತುಗಳ ಮೇಲೆ ನಿಂತಿತು. ಹೋನೋ ನಿಂತಿರುವುದು ಬ್ರೌಸರ್‌ಗಳಲ್ಲಿ ಈಗಾಗಲೇ ಇರುವ ರಿಕ್ವೆಸ್ಟ್, ರೆಸ್ಪಾನ್ಸ್ ಎಂಬ ವೆಬ್ ಮಾನಕಗಳ ಮೇಲೆ. ಒಂದು ರಿಕ್ವೆಸ್ಟ್ ಒಳಗೆ ಹೋಗುತ್ತದೆ, ಒಂದು ರೆಸ್ಪಾನ್ಸ್ ಹೊರಗೆ ಬರುತ್ತದೆ. ಇಡೀ ಆ್ಯಪ್ ಎಂದರೆ ಅಂಥದೊಂದು ಫಂಕ್ಷನ್. ಅದೇ ಕೋಡ್ ನೋಡ್, ಡೀನೋ, ಬನ್, ವರ್ಕರ್ಸ್, ಲ್ಯಾಂಬ್ಡಾ ಎಂಬ ಕೋಡ್ ಓಡಿಸುವ ವೇದಿಕೆಗಳೆಲ್ಲದರಲ್ಲೂ ಓಡುವುದು ಈ ಕಾರಣಕ್ಕೆ. ನಾಳೆ ಹೋನೋ ಬೇಡವೆನಿಸಿದರೂ ನೀವು ಕಲಿತದ್ದು ನಷ್ಟವಾಗುವುದಿಲ್ಲ, ಏಕೆಂದರೆ ಕಲಿತದ್ದು ಬಹುಮಟ್ಟಿಗೆ ವೆಬ್‌ನ ವಿದ್ಯೆಯೇ.

ಈಗ ಆ ನಂಟಿನ ವಿಷಯ. ಹೋನೋದಲ್ಲಿ ಪ್ರತಿ ರೂಟ್ (ಒಂದು ವಿಳಾಸ ಮತ್ತು ಅದಕ್ಕೆ ಬಂದ ವಿನಂತಿಗೆ ಉತ್ತರಿಸುವ ಕೋಡ್) ಯಾವ ಮಾಹಿತಿ ಪಡೆಯುತ್ತದೆ, ಯಾವ ಮಾಹಿತಿ ಕೊಡುತ್ತದೆ ಎಂಬುದನ್ನು ಟೈಪ್‌ಸ್ಕ್ರಿಪ್ಟ್ ತಾನೇ ಊಹಿಸಿಕೊಳ್ಳುತ್ತದೆ. ಆ್ಯಪಿನ ಒಟ್ಟು ಟೈಪನ್ನು (ಮಾಹಿತಿಯ ಆಕಾರದ ವಿವರಣೆಯನ್ನು) ಒಂದು ಸಾಲಿನಲ್ಲಿ ಹೊರಗೆ ಕೊಟ್ಟರೆ, ಬ್ರೌಸರ್ ಕಡೆಯ ಚಿಕ್ಕ ಕ್ಲೈಂಟ್ ಅದನ್ನು ಓದಿಕೊಳ್ಳುತ್ತದೆ. ಹೋನೋದವರು ಇದನ್ನು ಆರ್‌ಪಿಸಿ (ದೂರದ ಫಂಕ್ಷನನ್ನು ಕರೆಯುವುದು) ಎಂದು ಕರೆಯುತ್ತಾರೆ. ಒಂದು ಉದಾಹರಣೆ ನೋಡಿ. ಪುಸ್ತಕದ ವಿವರ ಕೊಡುವ ರೂಟ್‌ನಲ್ಲಿ ‘ಲೇಖಕ’ ಎಂಬ ಹೆಸರನ್ನು ‘ಲೇಖಕರು’ ಎಂದು ಬದಲಿಸಿ ಅದನ್ನೊಂದು ಪಟ್ಟಿಯಾಗಿ ಮಾಡಿದಿರಿ ಎಂದುಕೊಳ್ಳೋಣ. ಫೈಲನ್ನು ಉಳಿಸಿದ ಕೂಡಲೇ ಹುಡುಕಾಟದ ಪುಟದಲ್ಲಿ ಹಳೆಯ ಹೆಸರು ಬಳಸಿದ ಪ್ರತಿ ಸಾಲಿನ ಕೆಳಗೂ ಕೆಂಪು ಗೆರೆ ಬೀಳುತ್ತದೆ. ಗ್ರಂಥಪಾಲಕರು ಫೋನ್ ಮಾಡಿ ಹೇಳಬೇಕಾಗಿದ್ದ ತಪ್ಪನ್ನು ಎಡಿಟರ್ ನಿಮಗೆ ಅಲ್ಲಿಯೇ ತೋರಿಸಿಬಿಡುತ್ತದೆ. ಇದಕ್ಕಾಗಿ ಬೇರೆ ಕೋಡ್ ಹುಟ್ಟಿಸುವ ಹಂತವೂ ಇಲ್ಲ, ಬೇರೆ ವಿವರಣೆಯ ಫೈಲೂ ಇಲ್ಲ.

ಇದು ಸರಿಯಾಗಿ ನಡೆಯಲು ಎರಡು ಷರತ್ತುಗಳಿವೆ, ಹೊಸಬರು ಸಾಮಾನ್ಯವಾಗಿ ಎರಡನ್ನೂ ತಪ್ಪಿಸುತ್ತಾರೆ. ಮೊದಲನೆಯದು, ರೂಟ್‌ಗಳನ್ನು ಸರಪಳಿಯಂತೆ ಒಂದರ ಬೆನ್ನಿಗೆ ಒಂದು ಪೋಣಿಸಬೇಕು. ಆ್ಯಪ್ ಎಂಬ ವೇರಿಯಬಲ್ ಮೇಲೆ ಬೇರೆ ಬೇರೆ ಸಾಲುಗಳಲ್ಲಿ ಗೆಟ್, ಪೋಸ್ಟ್ ಎಂದು ಬರೆದುಕೊಂಡು ಹೋದರೆ ಆ್ಯಪ್ ಓಡುತ್ತದೆ, ಆದರೆ ಟೈಪ್ ಮಾತ್ರ ಖಾಲಿಯಾಗಿ ಉಳಿಯುತ್ತದೆ. ಪ್ರತಿ ಕರೆಯೂ ಹೊಸ ಟೈಪನ್ನು ಹಿಂದಿರುಗಿಸುತ್ತದೆ, ಅದನ್ನು ಹಿಡಿದುಕೊಳ್ಳದಿದ್ದರೆ ಕಳೆದುಹೋಗುತ್ತದೆ. ಎರಡನೆಯದು, ರೂಟ್‌ನ ಕೆಲಸವನ್ನು ಹಳೆಯ ರೂಢಿಯಂತೆ ‘ಕಂಟ್ರೋಲರ್’ ಎಂಬ ಪ್ರತ್ಯೇಕ ಫಂಕ್ಷನ್‌ಗಳಿಗೆ ಎತ್ತಿಹಾಕಬೇಡಿ. ವಿಳಾಸದಲ್ಲಿರುವ ಪುಸ್ತಕದ ಸಂಖ್ಯೆಯ ಟೈಪ್ ಗೊತ್ತಾಗುವುದು ಹ್ಯಾಂಡ್ಲರ್ (ವಿನಂತಿಗೆ ಉತ್ತರಿಸುವ ಫಂಕ್ಷನ್) ಆ ವಿಳಾಸದ ಪಕ್ಕದಲ್ಲೇ ಇದ್ದಾಗ. ಫೈಲ್ ಉದ್ದವಾಯಿತು ಎನಿಸಿದರೆ ಪುಸ್ತಕಗಳಿಗೆ ಒಂದು ಚಿಕ್ಕ ಹೋನೋ ಆ್ಯಪ್, ಸದಸ್ಯರಿಗೆ ಒಂದು, ಎರವಲಿಗೆ ಒಂದು ಮಾಡಿ ಮುಖ್ಯ ಆ್ಯಪಿಗೆ ಜೋಡಿಸಿ. ಆ ಜೋಡಣೆಯೂ ಸರಪಳಿಯಾಗಿಯೇ ಇರಲಿ.

ರೂಟ್‌ಗಳ ಕ್ರಮವೂ ಮುಖ್ಯ. ಹೋನೋದಲ್ಲಿ ಮೊದಲು ಬರೆದದ್ದು ಮೊದಲು ಓಡುತ್ತದೆ. ‘ಪುಸ್ತಕ/ಯಾವುದಾದರೂ ಸಂಖ್ಯೆ’ ಎಂಬ ರೂಟ್ ಮೇಲಿದ್ದು ‘ಪುಸ್ತಕ/ಹೊಸದು’ ಕೆಳಗಿದ್ದರೆ, ಹೊಸ ಪುಸ್ತಕ ಸೇರಿಸುವ ಪುಟ ಎಂದೂ ತೆರೆಯುವುದಿಲ್ಲ. ವಿನಂತಿಯನ್ನು ನಡುದಾರಿಯಲ್ಲಿ ಪರೀಕ್ಷಿಸುವ ಮಿಡಲ್‌ವೇರ್ ಕೂಡ ತಾನು ಕಾಯಬೇಕಾದ ರೂಟ್‌ಗಳಿಗಿಂತ ಮೇಲೆಯೇ ಇರಬೇಕು. ಬಾಗಿಲು ದಾಟಿ ಒಳಗೆ ಹೋದವರನ್ನು ಕಾವಲುಗಾರ ತಡೆಯಲಾರ.

ಟೈಪ್ ಹೊಂದಿಕೊಂಡಿತು ಎಂದು ನೆಮ್ಮದಿಯಾಗುವ ಹೊತ್ತಿನಲ್ಲೇ ಒಂದು ಎಚ್ಚರಿಕೆ. ಟೈಪ್‌ಸ್ಕ್ರಿಪ್ಟ್‌ನ ಟೈಪ್‌ಗಳು ಕೋಡ್ ಬರೆಯುವಾಗ ಮಾತ್ರ ಇರುತ್ತವೆ. ಓಡುವ ಹೊತ್ತಿಗೆ ಅವೆಲ್ಲ ಅಳಿಸಿಹೋಗಿ ಬರಿಯ ಜಾವಾಸ್ಕ್ರಿಪ್ಟ್ ಉಳಿದಿರುತ್ತದೆ. ಹೊರಗಿನಿಂದ ಬರುವ ಮಾಹಿತಿ ನಿಮ್ಮ ಟೈಪ್ ಹೇಳಿದಂತೆಯೇ ಇದೆ ಎಂಬುದಕ್ಕೆ ಆಗ ಯಾವ ಖಾತರಿಯೂ ಇಲ್ಲ. ‘ಇದು ಪುಸ್ತಕ ಎಂದೇ ತಿಳಿದುಕೋ’ ಎಂದು ಕಂಪೈಲರ್‌ಗೆ ಹೇಳುವ ‘ಆ್ಯಸ್’ ಪದವನ್ನು ಗಡಿಯಲ್ಲಿ ಬಳಸಿದರೆ ನಿಮ್ಮನ್ನು ನೀವೇ ನಂಬಿಸಿಕೊಂಡಂತೆ. ಡೇಟಾಬೇಸ್‌ನಿಂದ ಸಾಲುಗಳನ್ನು ತರುವಾಗ ಕೋನಾಕಾರದ ಆವರಣದೊಳಗೆ ಬರೆಯುವ ಟೈಪ್ ಕೂಡ ಅಂಥದ್ದೇ ನಂಬಿಕೆ, ಅಲ್ಲಿ ಯಾವ ಪರೀಕ್ಷೆಯೂ ನಡೆಯುವುದಿಲ್ಲ.

ಆದ್ದರಿಂದ ಒಳಬರುವ ಪ್ರತಿಯೊಂದನ್ನೂ ಝಾಡ್‌ನಂಥ ಪರಿಶೀಲಕದ ಮೂಲಕ ಹಾಯಿಸಿ. ಹೋನೋಗೆ ಅದರ ಜೋಡಣೆ ಸಿದ್ಧವಾಗಿದೆ. ರೂಟ್‌ನಲ್ಲಿ ವಿಳಾಸ ಮತ್ತು ಹ್ಯಾಂಡ್ಲರ್ ನಡುವೆ ಅದನ್ನು ಇಟ್ಟರೆ ತಪ್ಪು ಮಾಹಿತಿ 400 (ವಿನಂತಿ ಸರಿಯಿಲ್ಲ) ಎಂಬ ಉತ್ತರ ಪಡೆದು ಹೊರಗೇ ನಿಲ್ಲುತ್ತದೆ. ಒಳಗೆ ಬಂದದ್ದಕ್ಕೆ ಟೈಪ್ ತಾನಾಗಿ ಸಿಗುತ್ತದೆ. ಇಲ್ಲಿಯೂ ಹಳ್ಳಗಳಿವೆ. ಫಾರ್ಮ್‌ನಿಂದ, ವಿಳಾಸದಿಂದ ಬರುವುದೆಲ್ಲ ಅಕ್ಷರಮಾಲೆ (ಸ್ಟ್ರಿಂಗ್, ಅಂದರೆ ಬರಿಯ ಪಠ್ಯ), ಸಂಖ್ಯೆಯಲ್ಲ. ಸಂಖ್ಯೆಗೆ ಪರಿವರ್ತಿಸು ಎಂದು ಝಾಡ್‌ಗೆ ಹೇಳಿದಾಗ ಖಾಲಿ ಪೆಟ್ಟಿಗೆ ಸೊನ್ನೆಯಾಗುತ್ತದೆ, ಏಕೆಂದರೆ ಜಾವಾಸ್ಕ್ರಿಪ್ಟ್‌ನಲ್ಲಿ ಖಾಲಿ ಅಕ್ಷರಮಾಲೆಯ ಸಂಖ್ಯಾರೂಪ ಸೊನ್ನೆ. ಸದಸ್ಯರ ಸಂಖ್ಯೆ ತುಂಬದೆ ಗುಂಡಿ ಒತ್ತಿದರೆ ‘0ನೇ ಸದಸ್ಯ’ ಎಂಬವರಿಗೆ ಪುಸ್ತಕ ಕೊಡಲು ಆ್ಯಪ್ ಹೊರಟುಬಿಡುತ್ತದೆ. ಸಂಖ್ಯೆ ಪೂರ್ಣಾಂಕವಾಗಿರಬೇಕು, ಸೊನ್ನೆಗಿಂತ ದೊಡ್ಡದಾಗಿರಬೇಕು ಎಂದು ಸೇರಿಸಿಯೇ ಬರೆಯಿರಿ. ಹಾಗೆಯೇ ಜೇಸನ್ (ಮಾಹಿತಿಯನ್ನು ಪಠ್ಯವಾಗಿ ಜೋಡಿಸುವ ರೂಪ) ಕಳಿಸುವ ವಿನಂತಿಯಲ್ಲಿ ಅದು ಜೇಸನ್ ಎಂದು ಹೇಳುವ ಹೆಡರ್ ಇಲ್ಲದಿದ್ದರೆ ಪರಿಶೀಲಕದ ಕೈಗೆ ಖಾಲಿ ವಸ್ತು ಸಿಗುತ್ತದೆ. ಪರೀಕ್ಷೆ ಬರೆಯುವಾಗ ‘ಎಲ್ಲ ಸರಿಯಿದ್ದರೂ 400 ಬರುತ್ತಿದೆ’ ಎಂದು ತಲೆ ಕೆಡಿಸಿಕೊಳ್ಳುವಂತಾದರೆ ಮೊದಲು ಆ ಹೆಡರ್ ನೋಡಿ.

ಬ್ರೌಸರ್‌ನಲ್ಲಿ ಎಷ್ಟು ಕೋಡ್ ಇರಬೇಕು? ನಿಮ್ಮ ರಿಯಾಕ್ಟ್ ಮುಂಭಾಗವನ್ನು ಹಾಗೆಯೇ ಉಳಿಸಿಕೊಂಡು ಹಿಂಭಾಗವನ್ನು ಮಾತ್ರ ಹೋನೋಗೆ ತರಬಹುದು, ಅದರಲ್ಲಿ ತಪ್ಪಿಲ್ಲ. ನನ್ನ ಸಲಹೆ ಬೇರೆ. ಎರವಲು ಕೊಡುವುದು, ಹಿಂದಕ್ಕೆ ಪಡೆಯುವುದು, ಸದಸ್ಯರನ್ನು ಸೇರಿಸುವುದು, ಇವೆಲ್ಲ ಫಾರ್ಮ್ ತುಂಬುವ ಕೆಲಸಗಳು. ಹೋನೋದೊಳಗೇ ಜೆಎಸ್‌ಎಕ್ಸ್ (ಕೋಡಿನೊಳಗೇ ಎಚ್‌ಟಿಎಂಎಲ್‌ನಂತೆ ಪುಟ ಬರೆಯುವ ರೀತಿ) ಇದೆ. ರಿಯಾಕ್ಟ್‌ನಲ್ಲಿ ಬರೆದಂತೆಯೇ ಬರೆದು ಸರ್ವರ್‌ನಲ್ಲೇ ಎಚ್‌ಟಿಎಂಎಲ್ ಮಾಡಿ ಕಳಿಸಬಹುದು. ಫಾರ್ಮ್ ಬಂದಾಗ ಕೆಲಸ ಮುಗಿಸಿ 303 ಎಂಬ ಸೂಚನೆಯೊಂದಿಗೆ ಬೇರೆ ಪುಟಕ್ಕೆ ಕಳಿಸಿ, ಆಗ ಪುಟವನ್ನು ಮತ್ತೆ ತೆರೆದರೂ ಅದೇ ಫಾರ್ಮ್ ಎರಡನೆಯ ಸಲ ಹೋಗುವುದಿಲ್ಲ. ಹೋನೋದ ಮರುನಿರ್ದೇಶನ ತಾನಾಗಿ ಬಳಸುವುದು 302, ಸಂಖ್ಯೆಯನ್ನು ನೀವೇ ಹೇಳಬೇಕು. ಜೆಎಸ್‌ಎಕ್ಸ್‌ನಲ್ಲಿ ಹಾಕಿದ ಪಠ್ಯವನ್ನು ಹೋನೋ ತಾನೇ ಸುರಕ್ಷಿತಗೊಳಿಸುತ್ತದೆ, ಪುಸ್ತಕದ ಹೆಸರಿನ ಜಾಗದಲ್ಲಿ ಯಾರಾದರೂ ಸ್ಕ್ರಿಪ್ಟ್ ತುಂಬಿದರೂ ಅದು ಅಕ್ಷರವಾಗಿ ಕಾಣುತ್ತದೆಯೇ ಹೊರತು ಓಡುವುದಿಲ್ಲ. ‘ರಾ’ ಎಂಬ ಫಂಕ್ಷನ್ ಬಳಸಿ ಆ ರಕ್ಷಣೆಯನ್ನು ಕಳಚಬೇಡಿ.

ಟೈಪ್ ಮಾಡುತ್ತಿದ್ದಂತೆ ಪಟ್ಟಿ ಬದಲಾಗಬೇಕಾದ ಹುಡುಕಾಟದ ಪೆಟ್ಟಿಗೆಗೆ ಮಾತ್ರ ಬ್ರೌಸರ್‌ನಲ್ಲಿ ಕೋಡ್ ಬೇಕು. ಮೇಲೆ ಹೇಳಿದ ಆರ್‌ಪಿಸಿ ಕ್ಲೈಂಟ್ ಬಳಕೆಗೆ ಬರುವುದು ಅಲ್ಲಿ. 2024ರ ಫೆಬ್ರುವರಿಯಲ್ಲಿ ಬಂದ ನಾಲ್ಕನೆಯ ಆವೃತ್ತಿಯಿಂದ ಹೋನೋದ ಜೆಎಸ್‌ಎಕ್ಸ್ ಬ್ರೌಸರ್‌ನಲ್ಲಿಯೂ ಓಡುತ್ತದೆ. ಗುಂಡಿ ಒತ್ತಿದರೆ ಎಣಿಕೆ ಏರುವ ಚಿಕ್ಕ ಉದಾಹರಣೆಯೊಂದು ಸಂಕುಚಿತಗೊಂಡಾಗ 2.8 ಕಿಲೋಬೈಟ್, ಅದೇ ಕೆಲಸ ರಿಯಾಕ್ಟ್‌ನಲ್ಲಿ 47.8 ಕಿಲೋಬೈಟ್ ಎಂದು ಹೋನೋದ ದಸ್ತಾವೇಜು ಲೆಕ್ಕ ಕೊಡುತ್ತದೆ. ನೆಟ್‌ವರ್ಕ್ ಒಂದು ಗೆರೆಗೆ ಇಳಿಯುವ ಊರಿನಲ್ಲಿ ಹಳೆಯ ಮೊಬೈಲ್ ಹಿಡಿದು ಪುಸ್ತಕ ಹುಡುಕುವವರಿಗೆ ಆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಡೇಟಾಬೇಸ್‌ಗೆ ಎಸ್‌ಕ್ಯೂಲೈಟ್ (ಒಂದೇ ಫೈಲಿನಲ್ಲಿರುವ ಹಗುರ ಡೇಟಾಬೇಸ್) ಸಾಕು, ಈ ಗಾತ್ರಕ್ಕೆ ಅದು ಧಾರಾಳ. ಕೋಷ್ಟಕಗಳನ್ನು ಬರೆಯುವಾಗ ಪುಸ್ತಕ ಬೇರೆ, ಪ್ರತಿ ಬೇರೆ ಎಂಬುದನ್ನು ಮರೆಯಬೇಡಿ. ಒಂದೇ ಪುಸ್ತಕದ ಮೂರು ಪ್ರತಿಗಳಿದ್ದರೆ ಎರವಲು ಹೋಗುವುದು ಪ್ರತಿ. ಈಗ ಒಂದು ಸನ್ನಿವೇಶ ಊಹಿಸಿಕೊಳ್ಳಿ. ಭಾನುವಾರ ಬೆಳಿಗ್ಗೆ ಜನ ಹೆಚ್ಚು. ಇಬ್ಬರು ಕಾರ್ಯಕರ್ತರು ಎರಡು ಮೊಬೈಲ್ ಹಿಡಿದಿದ್ದಾರೆ. ಇಬ್ಬರೂ ತಪ್ಪಾಗಿ ಒಂದೇ ಪ್ರತಿಯ ಸಂಖ್ಯೆ ಒತ್ತುತ್ತಾರೆ, ಅಥವಾ ನೆಟ್‌ವರ್ಕ್ ನಿಧಾನವೆಂದು ಒಬ್ಬರೇ ಗುಂಡಿಯನ್ನು ಎರಡು ಸಲ ಒತ್ತುತ್ತಾರೆ. ‘ಈ ಪ್ರತಿ ಒಳಗಿದೆಯೇ’ ಎಂದು ಮೊದಲು ಕೇಳಿ, ಇದ್ದರೆ ಎರವಲು ದಾಖಲಿಸುವ ಕೋಡ್ ನೀವು ಬರೆದಿದ್ದರೆ, ಎರಡೂ ವಿನಂತಿಗಳು ಮೊದಲ ಪ್ರಶ್ನೆಗೆ ‘ಇದೆ’ ಎಂಬ ಉತ್ತರವನ್ನೇ ಪಡೆಯಬಹುದು. ಒಂದೇ ಪ್ರತಿ ಇಬ್ಬರ ಹೆಸರಿನಲ್ಲಿ ದಾಖಲಾಗುತ್ತದೆ. ಟೈಪ್‌ಸ್ಕ್ರಿಪ್ಟ್‌ಗೆ ಇದರ ಸುಳಿವೇ ಇಲ್ಲ. ಇದನ್ನು ತಡೆಯಬೇಕಾದದ್ದು ಡೇಟಾಬೇಸ್: ಎರವಲಿನ ಕೋಷ್ಟಕದಲ್ಲಿ ‘ಹಿಂದಿರುಗಿದ ದಿನ’ ಖಾಲಿ ಇರುವ ಸಾಲುಗಳಿಗಷ್ಟೇ ಅನ್ವಯಿಸುವಂತೆ ಪ್ರತಿಯ ಸಂಖ್ಯೆಯ ಮೇಲೆ ಒಂದು ಯುನೀಕ್ ಇಂಡೆಕ್ಸ್ (ಒಂದೇ ಸಂಖ್ಯೆ ಎರಡು ಸಲ ಬಾರದಂತೆ ತಡೆಯುವ ನಿಯಮ) ಹಾಕಿ. ಎಸ್‌ಕ್ಯೂಲೈಟ್ ಇಂಥ ಭಾಗಶಃ ಇಂಡೆಕ್ಸ್‌ಗಳನ್ನು 2013ರಿಂದ ಬೆಂಬಲಿಸುತ್ತಿದೆ. ಆಮೇಲೆ ಮೊದಲು ಕೇಳುವ ಗೋಜೇ ಬೇಡ, ನೇರವಾಗಿ ದಾಖಲಿಸಲು ಹೋಗಿ. ಎರಡನೆಯದು ತಾನಾಗಿ ವಿಫಲವಾಗುತ್ತದೆ, ಆ ದೋಷವನ್ನು ಹಿಡಿದು ‘ಈ ಪ್ರತಿ ಈಗಾಗಲೇ ಹೊರಗೆ ಹೋಗಿದೆ’ ಎಂದು 409 ಉತ್ತರ ಕೊಡಿ. ಒಂದು ಸಾಲಿನ ಈ ನಿಯಮ ನೀವು ಬರೆಯುವ ನೂರು ಸಾಲಿನ ಜಾಗರೂಕ ಕೋಡಿಗಿಂತ ಗಟ್ಟಿ.

ಕನ್ನಡದ ಪಠ್ಯದ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಇಂಗ್ಲಿಷ್ ಪುಸ್ತಕಗಳನ್ನು ಇಟ್ಟುಕೊಂಡು ಬರೆದ ಯಾವ ಪಾಠದಲ್ಲೂ ಇದು ಸಿಗುವುದಿಲ್ಲ, ನಿಮ್ಮ ಆ್ಯಪಿನ ಜೀವ ಇರುವುದು ಮಾತ್ರ ಹುಡುಕಾಟದಲ್ಲಿ. ‘ಗೋ’ ಎಂದು ಕಣ್ಣಿಗೆ ಕಾಣುವ ಅಕ್ಷರದ ಓಕಾರವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು; ಎಕಾರದ ಗುರುತು, ಊಕಾರದ ಗುರುತು, ದೀರ್ಘದ ಗುರುತು ಎಂದು ಮೂರಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ, ಕಂಪ್ಯೂಟರಿಗೆ ಎರಡೂ ಬೇರೆ. ಬೇರೆ ಬೇರೆ ಕೀಲಿಮಣೆಗಳಿಂದ, ಪರಿವರ್ತಕಗಳಿಂದ ಬಂದ ಪಟ್ಟಿಗಳಲ್ಲಿ ಎರಡೂ ಬಗೆ ಬೆರೆತಿರಬಹುದು. ಒಳಬರುವ ಎಲ್ಲ ಪಠ್ಯವನ್ನೂ ಪರಿಶೀಲಕದ ಹಂತದಲ್ಲೇ ಜಾವಾಸ್ಕ್ರಿಪ್ಟ್‌ನ ನಾರ್ಮಲೈಸ್ ಫಂಕ್ಷನ್ ಮೂಲಕ ಎನ್‌ಎಫ್‌ಸಿ (ಒಡೆದ ಗುರುತುಗಳನ್ನು ಒಂದಾಗಿಸಿದ) ರೂಪಕ್ಕೆ ತನ್ನಿ. ಹುಡುಕುವ ಪದಕ್ಕೂ ಅದನ್ನೇ ಮಾಡಿ.

ಇನ್ನೊಂದು ಕಣ್ಣಿಗೆ ಕಾಣದ ತೊಡಕು, ಅಗಲವಿಲ್ಲದ ಅಕ್ಷರಗಳು. ‘ರಾಜ್‌ಕುಮಾರ್’ ಎಂದು ಒಬ್ಬರು ಬಿಡಿಸಿ ಬರೆಯುತ್ತಾರೆ, ಇನ್ನೊಬ್ಬರು ಒತ್ತಕ್ಷರ ಮಾಡಿ ‘ರಾಜ್ಕುಮಾರ್’ ಎನ್ನುತ್ತಾರೆ. ಮೊದಲನೆಯದರ ನಡುವೆ ಕಾಣದ ಒಂದು ಬೇರ್ಪಡಕ ಕುಳಿತಿದೆ. ‘ಸೂರ್ಯ’ ಎಂದು ಅರ್ಕಾವತ್ತು ಹಾಕಿ ಬರೆಯುವವರಿದ್ದಾರೆ, ‘ಸೂರ‍್ಯ’ ಎಂದು ಯಕಾರವನ್ನು ಒತ್ತಾಗಿಸಿ ಬರೆಯುವವರೂ ಇದ್ದಾರೆ. ಎರಡನೆಯದರಲ್ಲಿ ಕಾಣದ ಜೋಡಕವಿದೆ. ತೋರಿಸಲು ಬರೆದಂತೆಯೇ ಒಂದು ಅಂಕಣ ಇರಲಿ, ಹುಡುಕಲು ಇನ್ನೊಂದು. ಹುಡುಕುವ ಅಂಕಣದಲ್ಲಿ ಈ ಬೇರ್ಪಡಕ, ಜೋಡಕ, ಇನಿಷಿಯಲ್‌ಗಳ ಚುಕ್ಕಿ, ಹೆಚ್ಚುವರಿ ಖಾಲಿ ಜಾಗ ಎಲ್ಲವನ್ನೂ ತೆಗೆದುಹಾಕಿ ಉಳಿಸಿ. ಉದ್ದದ ಮಿತಿ ಹಾಕುವಾಗಲೂ ನೆನಪಿರಲಿ: ‘ಸಿದ್ದಪ್ಪ’ ನಮಗೆ ಮೂರಕ್ಷರ, ಜಾವಾಸ್ಕ್ರಿಪ್ಟ್‌ಗೆ ಉದ್ದ 8, ಡೇಟಾಬೇಸ್‌ನಲ್ಲಿ 24 ಬೈಟ್. ಹೆಸರಿಗೆ 20ರ ಮಿತಿ ಹಾಕಿದರೆ ಉದ್ದನೆಯ ಹೆಸರಿನವರು ಸದಸ್ಯರಾಗಲಾರರು.

ಎಸ್‌ಕ್ಯೂಲೈಟ್‌ನ ಪೂರ್ಣಪಠ್ಯ ಹುಡುಕಾಟವಾದ ಎಫ್‌ಟಿಎಸ್5 ಬಳಸುವ ಆಸೆಯಾದರೆ ಇದನ್ನು ತಿಳಿದಿರಿ. ಅದರ ಮಾಮೂಲಿ ಪದವಿಭಜಕ ಅಕ್ಷರ ಮತ್ತು ಅಂಕಿಗಳನ್ನು ಮಾತ್ರ ಪದದ ಭಾಗವೆಂದು ಎಣಿಸುತ್ತದೆ, ಗುಣಿತದ ಗುರುತುಗಳು ಅದಕ್ಕೆ ಪದದ ಗಡಿಗಳು. ‘ಕಾಡು’ ಎಂಬ ಪದ ಅದರ ಕೈಯಲ್ಲಿ ‘ಕ’, ‘ಡ’ ಎಂದು ಒಡೆಯುತ್ತದೆ, ‘ಕೋಡಿ’ಯೂ ಹಾಗೆಯೇ ಒಡೆಯುತ್ತದೆ. ಕಾಡು ಹುಡುಕಿದವರಿಗೆ ಕೋಡಿ ಸಿಗುತ್ತದೆ. ಕೋಷ್ಟಕ ಮಾಡುವಾಗ ‘ಕೆಟಗರೀಸ್’ ಆಯ್ಕೆಯಲ್ಲಿ ಸಂಯೋಜಕ ಗುರುತುಗಳ ವರ್ಗಗಳನ್ನೂ ಸೇರಿಸಿದರೆ ಇದು ಸರಿಹೋಗುತ್ತದೆ. ಆದರೆ 3,000 ಪುಸ್ತಕಗಳಿಗೆ ಅದರ ಅಗತ್ಯವೇ ಇಲ್ಲ. ಮೇಲಿನ ಹುಡುಕುವ ಅಂಕಣದ ಮೇಲೆ ಪಠ್ಯದ ತುಣುಕು ಹುಡುಕುವ ಸರಳವಾದ ಲೈಕ್ ಆಜ್ಞೆ ಸಾಕು. ಅಕಾರಾದಿ ಪಟ್ಟಿಯಲ್ಲಿ ಒಂದು ಸಣ್ಣ ವ್ಯತ್ಯಾಸ ಕಾಣಬಹುದು: ಎಸ್‌ಕ್ಯೂಲೈಟ್ ಯೂನಿಕೋಡ್ ಸಂಖ್ಯೆಯ ಕ್ರಮದಲ್ಲಿ ಜೋಡಿಸುತ್ತದೆ, ಅಲ್ಲಿ ಳ ಇರುವುದು ಲ ಮತ್ತು ವ ನಡುವೆ. ನಿಘಂಟಿನ ಕ್ರಮವೇ ಬೇಕೆಂದರೆ ವಿಂಗಡಣೆಗೆಂದೇ ಬೇರೆ ಅಂಕಣ ಇಡಬೇಕಾಗುತ್ತದೆ. ಮೊದಲ ಆವೃತ್ತಿಯಲ್ಲಿ ಅದನ್ನು ಬಿಟ್ಟರೂ ನಡೆಯುತ್ತದೆ.

ದಿನಾಂಕದ ವಿಷಯದಲ್ಲಿ ನಾನೇ ಒಮ್ಮೆ ಪೆಟ್ಟು ತಿಂದಿದ್ದೇನೆ. ಇಂಥದ್ದೇ ಒಂದು ಆ್ಯಪ್‌ನಲ್ಲಿ ಎಲ್ಲ ಪುಸ್ತಕಗಳ ಹಿಂದಿರುಗಿಸುವ ದಿನವೂ ಒಂದು ದಿನ ಮುಂಚೆ ದಾಖಲಾಗುತ್ತಿತ್ತು. ಸದಸ್ಯರು ಸರಿಯಾದ ದಿನವೇ ಪುಸ್ತಕ ತಂದರೂ ದಂಡ ಬೀಳುತ್ತಿತ್ತು, ಎರಡು ವಾರ ಯಾರಿಗೂ ಕಾರಣ ತಿಳಿಯಲಿಲ್ಲ. ನಾನು ಮಾಡಿದ್ದು ಇಷ್ಟು: ಜೂನ್ 15 ಎಂಬ ದಿನಾಂಕವನ್ನು ಭಾರತದ ಮಧ್ಯರಾತ್ರಿಯಾಗಿ ತೆಗೆದುಕೊಂಡು, ಅದನ್ನು ಐಎಸ್‌ಒ ಎಂಬ ಮಾನಕ ಪಠ್ಯರೂಪಕ್ಕೆ ತಂದು ಮೊದಲ ಹತ್ತು ಅಕ್ಷರ ಕತ್ತರಿಸಿಕೊಂಡೆ. ಆದರೆ ಐಎಸ್‌ಒ ರೂಪ ಬರುವುದು ವಿಶ್ವಮಾನ ಸಮಯದಲ್ಲಿ. ನಮ್ಮ ಮಧ್ಯರಾತ್ರಿ ಅಲ್ಲಿ ಹಿಂದಿನ ದಿನದ ಸಂಜೆ 6 ಗಂಟೆ 30 ನಿಮಿಷ. ಜೂನ್ 15 ಜೂನ್ 14 ಆಯಿತು. ಅಂದಿನಿಂದ ಗಂಟೆಯ ಅಗತ್ಯವಿಲ್ಲದ ದಿನಾಂಕಗಳನ್ನು ನಾನು ವರ್ಷ, ತಿಂಗಳು, ದಿನ ಎಂಬ ಕ್ರಮದ ಪಠ್ಯವಾಗಿಯೇ ಉಳಿಸುತ್ತೇನೆ. ‘ಇಂದು’ ಯಾವ ದಿನ ಎಂಬುದನ್ನು ಕೋಲ್ಕತಾ ಸಮಯವಲಯ ಹೇಳಿಯೇ ಲೆಕ್ಕ ಹಾಕುತ್ತೇನೆ. ಡೇಟ್ ವಸ್ತುವನ್ನು ಜೇಸನ್‌ನಲ್ಲಿ ಕಳಿಸಿದರೆ ಆಚೆ ಕಡೆ ಸಿಗುವುದು ಅಕ್ಷರಮಾಲೆ; ಹೋನೋದ ಕ್ಲೈಂಟ್ ಟೈಪ್ ಇದನ್ನು ಪ್ರಾಮಾಣಿಕವಾಗಿ ಅಕ್ಷರಮಾಲೆ ಎಂದೇ ತೋರಿಸುತ್ತದೆ, ಅದನ್ನು ಕಡೆಗಣಿಸಬೇಡಿ.

ಎಲ್ಲಿ ಓಡಿಸುವುದು? ಸರ್ವರ್ ನೋಡಿಕೊಳ್ಳುವ ಕೆಲಸ ನಿಮ್ಮ ಎರಡು ಗಂಟೆಗಳನ್ನೂ ನುಂಗುತ್ತದೆ, ಆದ್ದರಿಂದ ಕ್ಲೌಡ್‌ಫ್ಲೇರ್ ವರ್ಕರ್ಸ್ ಮತ್ತು ಅದರ ಎಸ್‌ಕ್ಯೂಲೈಟ್ ಆಧಾರಿತ ಡಿ1 ಡೇಟಾಬೇಸ್ ನಿಮಗೆ ಹೊಂದುತ್ತದೆ. ಉಚಿತ ಯೋಜನೆಯಲ್ಲಿ ದಿನಕ್ಕೆ 1,00,000 ವಿನಂತಿಗಳಿವೆ, ಡಿ1ರಲ್ಲಿ ದಿನಕ್ಕೆ 50 ಲಕ್ಷ ಸಾಲುಗಳ ಓದು ಇದೆ. ಲೈಕ್ ಹುಡುಕಾಟ ಪ್ರತಿ ಸಲ 3,000 ಸಾಲುಗಳನ್ನೂ ಓದುತ್ತದೆ ಎಂದುಕೊಂಡರೂ ದಿನಕ್ಕೆ 1,600ಕ್ಕೂ ಹೆಚ್ಚು ಹುಡುಕಾಟ ನಡೆಸಬಹುದು. ಆದರೆ ಪ್ರತಿ ಅಕ್ಷರ ಒತ್ತಿದಾಗಲೂ ಒಂದು ಹುಡುಕಾಟ ಕಳಿಸಿದರೆ ಆ ಲೆಕ್ಕ ಬೇಗ ಕರಗುತ್ತದೆ, ಬೆರಳು ನಿಂತ ಮೇಲೆ ಅರೆಕ್ಷಣ ಕಾದು ಕಳಿಸಿ. ಕೋಡ್ ಬೆಂಗಳೂರಿನ ದತ್ತಾಂಶ ಕೇಂದ್ರದಲ್ಲಿ ಓಡಿದರೂ ಡೇಟಾಬೇಸ್‌ನ ಮೂಲ ಪ್ರತಿ ಇರುವುದು ಒಂದೇ ಜಾಗದಲ್ಲಿ. ಅದನ್ನು ಮಾಡುವಾಗಲೇ ಏಷ್ಯಾ ಪೆಸಿಫಿಕ್ ವಲಯ ಸೂಚಿಸಿ. ಒಂದು ಪುಟಕ್ಕೆ ಐದು ಪ್ರಶ್ನೆ ಬೇಕಿದ್ದರೆ ಒಂದರ ಹಿಂದೆ ಒಂದು ಕಾಯದೆ ಬ್ಯಾಚ್ ಮಾಡಿ ಒಟ್ಟಿಗೆ ಕಳಿಸಿ. ಬ್ಯಾಚ್‌ನಲ್ಲಿ ಹೋದದ್ದು ಒಂದೇ ವ್ಯವಹಾರವಾಗಿ ನಡೆಯುತ್ತದೆ, ಒಂದು ಕೆಟ್ಟರೆ ಎಲ್ಲವೂ ಹಿಂದಕ್ಕೆ ಬರುತ್ತವೆ.

ಉಚಿತ ಯೋಜನೆಯಲ್ಲಿ ಪ್ರತಿ ವಿನಂತಿಗೆ ಸಿಪಿಯು ಸಮಯ 10 ಮಿಲಿಸೆಕೆಂಡ್ ಮಾತ್ರ. ಪುಟ ಕಟ್ಟಲು ಅದು ಸಾಕು, ಪಾಸ್‌ವರ್ಡ್ ಹ್ಯಾಶ್ ಮಾಡಲು ಸಾಲದು. ಪಾಸ್‌ವರ್ಡನ್ನು ಮರಳಿ ಓದಲಾಗದ ರೂಪಕ್ಕೆ ತರುವ ಈ ಹ್ಯಾಶ್ ಬೇಕೆಂದೇ ನಿಧಾನವಾಗಿರುವ ಕೆಲಸ. ಪಿಬಿಕೆಡಿಎಫ್2 ಎಂಬ ಹ್ಯಾಶ್ ವಿಧಾನ ಬಳಸಿದರೆ, ಎಸ್‌ಎಚ್‌ಎ-256 ಜೊತೆಗೆ 6,00,000 ಸುತ್ತು ಇರಲಿ ಎನ್ನುತ್ತದೆ ವೆಬ್ ಸುರಕ್ಷತೆಯ ಸಂಸ್ಥೆ ಓವಾಸ್ಪ್; ವರ್ಕರ್ಸ್‌ನಲ್ಲಿ 1,00,000 ಸುತ್ತುಗಳಿಗೆ ಮಿತಿ ಇದೆ. ಆದ್ದರಿಂದ ಪಾಸ್‌ವರ್ಡ್ ಇಡಲೇಬೇಡಿ. ಪುಸ್ತಕ ಹುಡುಕಲು ಸದಸ್ಯರಿಗೆ ಲಾಗಿನ್ ಬೇಕಿಲ್ಲ. ಮೂರು ನಾಲ್ಕು ಕಾರ್ಯಕರ್ತರ ಪುಟಗಳಿಗೆ ಕ್ಲೌಡ್‌ಫ್ಲೇರ್ ಆ್ಯಕ್ಸೆಸ್ ಎಂಬ ಕಾವಲು ಸೇವೆ ಹಾಕಿದರೆ ಇಮೇಲ್‌ಗೆ ಬರುವ ಸಂಕೇತ ಸಂಖ್ಯೆಯಿಂದ ಒಳಗೆ ಬರಬಹುದು; 50 ಬಳಕೆದಾರರವರೆಗೆ ಅದು ಉಚಿತ. ಆ್ಯಕ್ಸೆಸ್ ಕಳಿಸುವ ಟೋಕನ್ನನ್ನು (ಗುರುತಿನ ಚೀಟಿಯನ್ನು) ನಿಮ್ಮ ಮಿಡಲ್‌ವೇರ್‌ನಲ್ಲಿ ಪರೀಕ್ಷಿಸುವುದನ್ನೂ, ವರ್ಕರ್ಸ್ ಕೊಡುವ ಇನ್ನೊಂದು ವಿಳಾಸವನ್ನು ಮುಚ್ಚುವುದನ್ನೂ ತಪ್ಪಿಸಬೇಡಿ, ಇಲ್ಲವಾದರೆ ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲು ತೆರೆದಿಟ್ಟಂತೆ. ಜೊತೆಗೆ ಹೋನೋದ ಸಿಎಸ್‌ಆರ್‌ಎಫ್ ಮಿಡಲ್‌ವೇರ್ ಹಾಕಿ. ಬೇರೆ ತಾಣದಿಂದ ಹಾರಿಬರುವ ಫಾರ್ಮ್‌ಗಳನ್ನು ಅದು ತಡೆಯುತ್ತದೆ.

ಪರೀಕ್ಷೆಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಆ್ಯಪ್ ಒಂದು ಫಂಕ್ಷನ್ ಆಗಿರುವುದರಿಂದ ಸರ್ವರ್ ಏಳಿಸದೆಯೇ ಅದರ ರಿಕ್ವೆಸ್ಟ್ ವಿಧಾನಕ್ಕೆ ವಿಳಾಸ ಕೊಟ್ಟರೆ ಉತ್ತರ ಸಿಗುತ್ತದೆ, ಮೂರನೆಯ ಮಾಹಿತಿಯಾಗಿ ಪರೀಕ್ಷೆಯ ಡೇಟಾಬೇಸನ್ನೂ ಕೊಡಬಹುದು. ಒಂದೇ ಪ್ರತಿಗೆ ಎರಡು ಎರವಲು, ಖಾಲಿ ಸದಸ್ಯ ಸಂಖ್ಯೆ, ಮೂರಾಗಿ ಒಡೆದ ಓಕಾರ, ತಿಂಗಳ ಕೊನೆಯ ದಿನಾಂಕ: ಈ ನಾಲ್ಕಕ್ಕೆ ಮೊದಲು ಬರೆಯಿರಿ.

ಹೋನೋ ಎಲ್ಲಿ ಬೇಡ ಎಂಬುದನ್ನೂ ಹೇಳುತ್ತೇನೆ. ನಿಮಗೆ ಬೇಕಿರುವುದು ಪುಸ್ತಕ, ಸದಸ್ಯರ ಪಟ್ಟಿಗಳನ್ನು ತಿದ್ದುವ ಒಳಪುಟಗಳು ಮಾತ್ರ ಎಂದಾದರೆ ಪೈಥಾನ್‌ನ ಜ್ಯಾಂಗೋದಲ್ಲಿ ಅವು ಸಿದ್ಧವಾಗಿಯೇ ಬರುತ್ತವೆ. ಹೋನೋದಲ್ಲಿ ಪ್ರತಿ ಫಾರ್ಮನ್ನೂ ನೀವೇ ಬರೆಯಬೇಕು. ಹತ್ತು ಜನರ ತಂಡ ವರ್ಷಗಟ್ಟಲೆ ಬೆಳೆಸುವ ದೊಡ್ಡ ಉತ್ಪನ್ನಕ್ಕೆ ಎಲ್ಲರೂ ಪಾಲಿಸುವ ಕಟ್ಟುಪಾಡುಗಳಿರುವ ಫ್ರೇಮ್‌ವರ್ಕ್ ಹೆಚ್ಚು ಅನುಕೂಲ. ರೂಟ್‌ಗಳು ನೂರಾರು ಆದಾಗ ಹೋನೋದ ಟೈಪ್ ಊಹೆ ಎಡಿಟರನ್ನು ನಿಧಾನಗೊಳಿಸುತ್ತದೆ ಎಂಬುದೂ ನಿಜ. ನಿಮ್ಮ ಆ್ಯಪ್‌ಗೆ ಇಪ್ಪತ್ತೈದು ರೂಟ್ ದಾಟುವುದಿಲ್ಲ.

ಕೊನೆಯದಾಗಿ, ಗ್ರಂಥಪಾಲಕರ ಕೈಗೆ ಲೆಕ್ಕವನ್ನು ಮರಳಿ ಕೊಡುವ ದಾರಿಯನ್ನು ಮೊದಲ ದಿನವೇ ಕಟ್ಟಿ. ಡಿ1ರ ಉಚಿತ ಯೋಜನೆಯಲ್ಲಿ ಹಿಂದಿನ 7 ದಿನಗಳ ಯಾವುದೇ ಕ್ಷಣಕ್ಕೆ ಡೇಟಾಬೇಸನ್ನು ಮರಳಿಸಬಹುದು, ಆದರೆ ಅದು ನಿಮ್ಮ ಕೈಯಲ್ಲಿರುವ ಸೌಲಭ್ಯ, ಅವರ ಕೈಯಲ್ಲಿರುವುದಲ್ಲ. ಪ್ರತಿ ಶನಿವಾರ ಒಂದು ಗುಂಡಿ ಒತ್ತಿ ಇಡೀ ಪಟ್ಟಿಯನ್ನು ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸಾಲುಗಳ) ಫೈಲ್ ಆಗಿ ಇಳಿಸಿಕೊಳ್ಳುವ ರೂಟ್ ಒಂದನ್ನು ಇಡಿ, ಅದಕ್ಕೆ ಹದಿನೈದು ಸಾಲು ಸಾಕು. ಫೈಲಿನ ಆರಂಭದಲ್ಲಿ, ಅದು ಯೂನಿಕೋಡ್ ಪಠ್ಯ ಎಂದು ಸೂಚಿಸುವ ಬಿಒಎಂ ಎಂಬ ಮೂರು ಬೈಟ್‌ಗಳ ಗುರುತನ್ನು ಬರೆಯಿರಿ. ಅದಿಲ್ಲದೆ ಫೈಲಿನ ಮೇಲೆ ಎರಡು ಸಲ ಒತ್ತಿ ಎಕ್ಸೆಲ್‌ನಲ್ಲಿ ತೆರೆದರೆ ಕನ್ನಡದ ಹೆಸರುಗಳೆಲ್ಲ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ, ಇಷ್ಟು ವರ್ಷ ರಿಜಿಸ್ಟರನ್ನು ದುಂಡಗಿನ ಅಕ್ಷರದಲ್ಲಿ ಬರೆದವರು ಅದನ್ನು ನೋಡಿ ಗಾಬರಿಯಾಗುತ್ತಾರೆ.